ಟೆನ್ಸರ್‌ಫ್ಲೋ ಪ್ಲೇಗ್ರೌಂಡ್: ನರಜಾಲದ ಚರಿತ್ರೆಯನ್ನು ಕೈಯಾರೆ ನಡೆಸಿ ನೋಡುವ ತಾಣ

ಟೆನ್ಸರ್‌ಫ್ಲೋ ಪ್ಲೇಗ್ರೌಂಡ್ ಎಂಬ ಉಚಿತ ಜಾಲತಾಣವನ್ನು ಪದವಿ ತರಗತಿಯ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ನರಜಾಲದ, ಅಂದರೆ ನ್ಯೂರಾನ್ ಎಂಬ ಪುಟ್ಟ ಲೆಕ್ಕಘಟಕಗಳನ್ನು ಜೋಡಿಸಿ ಉದಾಹರಣೆಗಳಿಂದ ಕಲಿಯುವಂತೆ ಮಾಡಿದ ವ್ಯವಸ್ಥೆಯ, ಪಾಠ ಹೇಳಲು ನಾನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಚಿತ್ರವಾಗಿ ತೋರಿಸುವ ಒಳ್ಳೆಯ ಸಲಕರಣೆ ಎಂದಷ್ಟೇ ಮೊದಲು ಅದನ್ನು ಬಗೆದಿದ್ದೆ. ಆದರೆ ಅದರ ಎಡಭಾಗದಲ್ಲಿ ಒಂದರ ಕೆಳಗೊಂದು ನಿಂತಿರುವ ಏಳು ಪುಟ್ಟ ಚೌಕಗಳನ್ನು ಒಂದು ಸಂಜೆ ಒತ್ತುತ್ತಾ ತೆಗೆಯುತ್ತಾ ಕುಳಿತಿದ್ದಾಗ, 1958ರಿಂದ ಈಚೆಗೆ ಈ ಕ್ಷೇತ್ರದಲ್ಲಿ ನಡೆದ ವಾದಗಳಲ್ಲಿ ಬಹುಪಾಲು ಆ ಏಳು ಚೌಕಗಳ ಸುತ್ತಲೇ ನಡೆದಿವೆ ಎಂಬುದು ಹೊಳೆಯಿತು. ಆಮೇಲಿನಿಂದ ನಾನು ಅದನ್ನು ಬಳಸುವ ಕ್ರಮವೇ ಬದಲಾಗಿದೆ. ನರಜಾಲ ಸಂಶೋಧನೆಯ ಚರಿತ್ರೆಯನ್ನು ಓದಿ ತಿಳಿಯುವುದರ ಜೊತೆಗೆ ಸ್ವತಃ ನಡೆಸಿ, ಅದರ ಸೋಲು ಗೆಲುವುಗಳನ್ನು ಕಣ್ಣಾರೆ ಕಾಣಲು ಇಷ್ಟು ಸುಲಭವಾಗಿ ಕೈಗೆ ಸಿಗುವ ಬೇರೊಂದು ಸಾಧನ ನನಗೆ ಗೊತ್ತಿಲ್ಲ. ಈ ವಿಮರ್ಶೆ ಆ ದೃಷ್ಟಿಯಿಂದ ಬರೆದದ್ದು.

ತಾಣದ ಪರಿಚಯ ಸಣ್ಣದು. ಗೂಗಲ್ ಸಂಸ್ಥೆಯ ಡೇನಿಯಲ್ ಸ್ಮಿಲ್ಕೋವ್ ಮತ್ತು ಶಾನ್ ಕಾರ್ಟರ್ 2016ರಲ್ಲಿ ಇದನ್ನು ರೂಪಿಸಿದರು. ಖಾತೆ ತೆರೆಯಬೇಕಾಗಿಲ್ಲ, ಏನನ್ನೂ ಸ್ಥಾಪಿಸಬೇಕಾಗಿಲ್ಲ, ಹಣ ಕೊಡಬೇಕಾಗಿಲ್ಲ. ಪರದೆಯ ಎಡತುದಿಯಲ್ಲಿ ದತ್ತಾಂಶವನ್ನು ಆರಿಸುವ ಗುಂಡಿಗಳು, ಅವುಗಳ ಪಕ್ಕದಲ್ಲಿ ನಾನು ಹೇಳಿದ ಏಳು ಚೌಕಗಳು, ನಡುವೆ ನ್ಯೂರಾನ್‌ಗಳ ಸಾಲುಗಳಾದ ಜಾಲದ ಒಳಪದರಗಳು, ಬಲತುದಿಯಲ್ಲಿ ಫಲಿತಾಂಶದ ದೊಡ್ಡ ಚೌಕ. ಆ ದೊಡ್ಡ ಚೌಕದಲ್ಲಿ ಕಿತ್ತಳೆ ಮತ್ತು ನೀಲಿ ಬಣ್ಣದ ಚುಕ್ಕೆಗಳು ಹರಡಿಕೊಂಡಿರುತ್ತವೆ. ಯಾವ ಜಾಗ ಕಿತ್ತಳೆಗೆ ಸೇರಿದ್ದು, ಯಾವುದು ನೀಲಿಗೆ ಸೇರಿದ್ದು ಎಂದು ಹಿನ್ನೆಲೆಗೆ ಬಣ್ಣ ಬಳಿದು ತೋರಿಸುವುದೇ ಜಾಲದ ಕೆಲಸ. ಆರಂಭದ ಗುಂಡಿಯನ್ನು ಒತ್ತಿದರೆ ಕಲಿಕೆಯ ಸುತ್ತುಗಳು ಎಣಿಸಿಕೊಳ್ಳುತ್ತಾ ಹೋಗುತ್ತವೆ, ಹಿನ್ನೆಲೆಯ ಬಣ್ಣ ಕದಲುತ್ತದೆ, ನ್ಯೂರಾನ್‌ಗಳನ್ನು ಜೋಡಿಸುವ ಗೆರೆಗಳು ತಮ್ಮ ತೂಕಕ್ಕೆ, ಅಂದರೆ ಒಂದು ನ್ಯೂರಾನಿನ ಮಾತಿಗೆ ಇನ್ನೊಂದು ಕೊಡುವ ಬೆಲೆಗೆ, ತಕ್ಕಂತೆ ದಪ್ಪವಾಗುತ್ತವೆ ಇಲ್ಲವೇ ತೆಳುವಾಗುತ್ತವೆ. ಹೆಸರಿನಲ್ಲಿ ಟೆನ್ಸರ್‌ಫ್ಲೋ ಇದ್ದರೂ ಒಳಗೆ ಓಡುವುದು ಆ ಹೆಸರಿನ ಗೂಗಲ್ ಸಂಸ್ಥೆಯ ದೊಡ್ಡ ತಂತ್ರಾಂಶವಲ್ಲ. ಟೈಪ್‌ಸ್ಕ್ರಿಪ್ಟ್‌ನಲ್ಲಿ ಇದಕ್ಕಾಗಿಯೇ ಬರೆದ ಒಂದು ಪುಟ್ಟ ಸಂಕೇತ ಸಂಗ್ರಹ. ಲೆಕ್ಕವೆಲ್ಲ ನಮ್ಮ ಬ್ರೌಸರಿನೊಳಗೇ ನಡೆಯುವುದರಿಂದ ಪುಟ ಒಮ್ಮೆ ತೆರೆದುಕೊಂಡ ಮೇಲೆ ಇಂಟರ್‌ನೆಟ್ ಸಂಪರ್ಕ ಕಡಿದುಹೋದರೂ ಕಲಿಕೆ ನಿಲ್ಲುವುದಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಪಾಠ ಮಾಡುವವರಿಗೆ ಇದು ಸಣ್ಣ ಅನುಕೂಲವೇನಲ್ಲ.

ನನ್ನ ತರಗತಿ ಒಳಪದರಗಳನ್ನೆಲ್ಲ ಕಳೆಯುವ ಗುಂಡಿಯಿಂದ ಆರಂಭವಾಗುತ್ತದೆ. ತಾಣ ತೆರೆದಾಗ ನಾಲ್ಕು ಮತ್ತು ಎರಡು ನ್ಯೂರಾನ್‌ಗಳಿರುವ ಎರಡು ಒಳಪದರಗಳು ಕಾಣುತ್ತವೆ. ಅವೆರಡನ್ನೂ ತೆಗೆದುಹಾಕಿ, ಎರಡು ಗುಂಪುಗಳು ದೂರದೂರ ನಿಂತಿರುವ ದತ್ತಾಂಶವನ್ನು ಆರಿಸಿದರೆ ನಾವು ಹೆಚ್ಚುಕಡಿಮೆ 1958ಕ್ಕೆ ಬಂದಂತೆ. ಆ ವರ್ಷದ ಜುಲೈ ತಿಂಗಳಲ್ಲಿ ಅಮೆರಿಕದ ನೌಕಾ ಸಂಶೋಧನಾ ಕಚೇರಿಯು ವಾಷಿಂಗ್ಟನ್‌ನಲ್ಲಿ ಪತ್ರಕರ್ತರನ್ನು ಕರೆದು, ಬಫೆಲೋ ನಗರದ ಕಾರ್ನೆಲ್ ವೈಮಾನಿಕ ಪ್ರಯೋಗಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಫ್ರಾಂಕ್ ರೋಸೆನ್‌ಬ್ಲಾಟ್ ಅವರ ಪರ್ಸೆಪ್ಟ್ರಾನ್ ಎಂಬ ಮೊದಮೊದಲ ನರಜಾಲವನ್ನು ಐಬಿಎಂ 704 ಗಣಕದ ಮೇಲೆ ಓಡಿಸಿ ತೋರಿಸಿತು. ಎಡಗಡೆ ಗುರುತಿರುವ ಚೀಟಿ ಯಾವುದು, ಬಲಗಡೆ ಗುರುತಿರುವುದು ಯಾವುದು ಎಂದು ಐವತ್ತು ಯತ್ನಗಳ ನಂತರ ಆ ಕಾರ್ಯಕ್ರಮ ತಾನಾಗಿಯೇ ಬೇರ್ಪಡಿಸಲು ಕಲಿಯಿತು. ನಡೆಯುವ, ಮಾತಾಡುವ, ತನ್ನ ಇರವಿನ ಅರಿವುಳ್ಳ ಯಂತ್ರದ ಮೊಳಕೆ ಇದು ಎಂಬ ನಿರೀಕ್ಷೆಯನ್ನು ಮರುದಿನದ ಪತ್ರಿಕೆ ವರದಿ ಮಾಡಿತು. ಪ್ಲೇಗ್ರೌಂಡಿನಲ್ಲಿ ಆ ದೃಶ್ಯವನ್ನು ಮತ್ತೆ ಕಾಣಲು ಹತ್ತು ಸೆಕೆಂಡು ಸಾಕು: ಒಂದೊಂದೇ ಹೆಜ್ಜೆ ಮುಂದಿಡುವ ಗುಂಡಿಯನ್ನು ಒತ್ತುತ್ತಾ ಹೋದರೆ ಎರಡು ಬಣ್ಣಗಳ ನಡುವಿನ ಗಡಿ ಒಂದು ನೇರ ಗೆರೆಯಾಗಿ ವಾಲುತ್ತಾ ಬಂದು ಎರಡು ಗುಂಪುಗಳ ನಡುವೆ ನಿಲ್ಲುತ್ತದೆ. ಗೆರೆಯೊಂದು ತಾನಾಗಿ ತನ್ನ ಜಾಗವನ್ನು ಹುಡುಕಿಕೊಳ್ಳುವುದನ್ನು ಮೊದಲ ಬಾರಿ ನೋಡಿದ ವಿದ್ಯಾರ್ಥಿಗಳ ಮುಖದಲ್ಲಿ ಕಾಣುವ ಬೆರಗು 1958ರ ಪತ್ರಕರ್ತರ ಬೆರಗಿಗಿಂತ ಬೇರೆಯಾದುದಲ್ಲ ಎಂದು ನಾನು ನಂಬಿದ್ದೇನೆ.

ಇಲ್ಲಿ ಒಂದು ತಿದ್ದುಪಡಿ ಅಗತ್ಯ. ಪ್ಲೇಗ್ರೌಂಡ್ ಬಳಸುವ ಕಲಿಕೆಯ ಸೂತ್ರ ರೋಸೆನ್‌ಬ್ಲಾಟ್ ಅವರದಲ್ಲ. ಅವರ ನಿಯಮದಲ್ಲಿ ತಪ್ಪಾದಾಗ ಮಾತ್ರ ತೂಕಗಳನ್ನು ತಿದ್ದಲಾಗುತ್ತದೆ. ಇಲ್ಲಿಯಾದರೋ ಉತ್ತರಕ್ಕೂ ಗುರಿಗೂ ಇರುವ ಅಂತರದ ವರ್ಗವನ್ನು ಕಡಿಮೆ ಮಾಡುವತ್ತ ಪ್ರತಿ ಬಾರಿಯೂ ತಿದ್ದಲಾಗುತ್ತದೆ. ಇದು ಸ್ಟ್ಯಾನ್‌ಫರ್ಡಿನಲ್ಲಿ ಬರ್ನಾರ್ಡ್ ವಿಡ್ರೋ ಮತ್ತು ಟೆಡ್ ಹಾಫ್ 1960ರಲ್ಲಿ ಪ್ರಕಟಿಸಿದ ಅಡಲೈನ್ ಎಂಬ ಜಾಲಕ್ಕೆ ಹತ್ತಿರದ ಸಂಬಂಧಿ. ತರಗತಿಯಲ್ಲಿ ಇದನ್ನು ಹೇಳದೆ ಬಿಟ್ಟರೆ ಎರಡು ಬೇರೆ ಆಲೋಚನೆಗಳು ಒಂದೇ ಎಂಬ ತಪ್ಪು ಕಲ್ಪನೆ ಉಳಿದುಬಿಡುತ್ತದೆ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಪರ್ಸೆಪ್ಟ್ರಾನ್‌ಗೆ ನಡುವಿನ ಪದರವೇ ಇರಲಿಲ್ಲ ಎಂದು ಅನೇಕ ಪಠ್ಯಗಳು ಬರೆಯುತ್ತವೆ. ಆದರೆ ರೋಸೆನ್‌ಬ್ಲಾಟ್ ಕಟ್ಟಿಸಿದ ಮಾರ್ಕ್ 1 ಯಂತ್ರವನ್ನು ನೋಡಿ: 20 ಸಾಲು 20 ಕಂಬಗಳಲ್ಲಿ ಜೋಡಿಸಿದ 400 ಬೆಳಕುಗ್ರಾಹಿಗಳು ಅದರ ಕಣ್ಣು, ಅವುಗಳಿಂದ ಹೊರಟ ತಂತಿಗಳು ಯಾದೃಚ್ಛಿಕವಾಗಿ ಹೋಗಿ ಸೇರುತ್ತಿದ್ದದ್ದು 512 ಸಂಯೋಜಕ ಘಟಕಗಳಿಗೆ, ಅಲ್ಲಿಂದ ಉತ್ತರ ಕೊಡುವ ಘಟಕಗಳಿಗೆ ಹೋಗುವ ತೂಕಗಳು ಮಾತ್ರ ಕಲಿಯುತ್ತಿದ್ದವು. ಕಲಿಕೆ ಎಂದರೆ ಆ ಯಂತ್ರದಲ್ಲಿ ವಿದ್ಯುತ್ ಮೋಟಾರುಗಳು ತಿರುಗಿ ರೋಧಕಗಳ ಗುಬುಟುಗಳನ್ನು ಅತ್ತಿತ್ತ ಸರಿಸುವುದೇ ಆಗಿತ್ತು. ಅಂದರೆ ನಡುವಿನ ಪದರವೇನೋ ಇತ್ತು, ಅದು ಕಲಿಯುತ್ತಿರಲಿಲ್ಲ. ಪ್ಲೇಗ್ರೌಂಡಿನ ಎಡಗಡೆಯ ಏಳು ಚೌಕಗಳು ನಿಂತಿರುವುದು ಸರಿಯಾಗಿ ಅದೇ ಸ್ಥಾನದಲ್ಲಿ. ಮೊದಲೆರಡು ಚೌಕಗಳು ಚುಕ್ಕೆಯ ಅಡ್ಡ ಮತ್ತು ಉದ್ದ ನಿರ್ದೇಶಾಂಕಗಳು. ಮುಂದಿನವು ಅವುಗಳ ವರ್ಗಗಳು, ಎರಡರ ಗುಣಲಬ್ಧ, ಮತ್ತು ಎರಡರ ಸೈನ್ ಬೆಲೆಗಳು. ಇವನ್ನು ತಾಣ ‘ಲಕ್ಷಣಗಳು’ ಎಂಬರ್ಥದ ಶೀರ್ಷಿಕೆಯ ಕೆಳಗೆ ಇರಿಸಿದೆ. ಇವು ಕಲಿಯುವುದಿಲ್ಲ; ಮನುಷ್ಯ ಮೊದಲೇ ಯೋಚಿಸಿ ಕೊಟ್ಟದ್ದನ್ನು ಮುಂದಕ್ಕೆ ದಾಟಿಸುತ್ತವೆ, ಅಷ್ಟೆ.

ಈಗ ಎಕ್ಸಾರ್ ಎಂಬ ದತ್ತಾಂಶವನ್ನು ಆರಿಸೋಣ. ಚೌಕವನ್ನು ನಾಲ್ಕು ಭಾಗ ಮಾಡಿದರೆ ಎದುರುಬದುರು ಮೂಲೆಗಳಲ್ಲಿ ಒಂದೇ ಬಣ್ಣ. ಒಳಪದರವಿಲ್ಲ, ಮೊದಲೆರಡು ಚೌಕಗಳು ಮಾತ್ರ ಹೊತ್ತಿಕೊಂಡಿವೆ. ಆರಂಭದ ಗುಂಡಿ ಒತ್ತಿ, ಎಷ್ಟು ಹೊತ್ತು ಬೇಕಾದರೂ ಕಾಯಿರಿ. ದೋಷದ ಅಂಕಿ 0.5ರ ಆಸುಪಾಸಿನಿಂದ ಜಗ್ಗುವುದಿಲ್ಲ, ಹಿನ್ನೆಲೆ ಬಿಳಿಚಿಕೊಂಡೇ ಉಳಿಯುತ್ತದೆ. ಒಂದು ನೇರ ಗೆರೆ ಎಳೆದು ಈ ನಾಲ್ಕು ಮೂಲೆಗಳನ್ನು ಬೇರ್ಪಡಿಸಲು ಸಾಧ್ಯವಿಲ್ಲ ಎಂಬುದು ಶಾಲೆಯ ಮಕ್ಕಳಿಗೂ ಎರಡೇ ನಿಮಿಷದಲ್ಲಿ ಮನದಟ್ಟಾಗುತ್ತದೆ. 1969ರಲ್ಲಿ ಎಂಐಟಿಯ ಮಾರ್ವಿನ್ ಮಿನ್ಸ್ಕಿ ಮತ್ತು ಸೀಮೋರ್ ಪೇಪರ್ಟ್ ತಮ್ಮ ಪುಸ್ತಕದಲ್ಲಿ ಪರ್ಸೆಪ್ಟ್ರಾನಿನ ಮಿತಿಗಳನ್ನು ಸಾಧಿಸಿ ತೋರಿಸಿದರು ಎಂದಾಗ ಎಲ್ಲರೂ ಉದಾಹರಿಸುವುದು ಇದನ್ನೇ.

ಆದರೆ ಅವರ ವಾದ ಇಷ್ಟು ತೆಳುವಾದುದಲ್ಲ, ಮತ್ತು ಅದನ್ನು ಅರ್ಥ ಮಾಡಿಕೊಳ್ಳಲು ಪ್ಲೇಗ್ರೌಂಡಿನಷ್ಟು ಸಹಾಯ ಮಾಡಿದ ಸಾಧನ ನನಗೆ ಬೇರೆ ಸಿಕ್ಕಿಲ್ಲ. ಅದೇ ಸ್ಥಿತಿಯಲ್ಲಿ, ಒಳಪದರ ಸೇರಿಸದೆ, ಗುಣಲಬ್ಧದ ಚೌಕವೊಂದನ್ನು ಒತ್ತಿ ನೋಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಮೂಲೆಗಳೂ ಸರಿಯಾದ ಬಣ್ಣಕ್ಕೆ ತಿರುಗುತ್ತವೆ. ಎರಡು ನಿರ್ದೇಶಾಂಕಗಳನ್ನು ಒಟ್ಟಿಗೆ ನೋಡಬಲ್ಲ ಒಂದೇ ಒಂದು ಲಕ್ಷಣ ಸಿಕ್ಕರೆ ಪರ್ಸೆಪ್ಟ್ರಾನ್‌ಗೆ ಎಕ್ಸಾರ್ ನೀರು ಕುಡಿದಷ್ಟು ಸುಲಭ. ಮಿನ್ಸ್ಕಿ ಮತ್ತು ಪೇಪರ್ಟ್ ಕೇಳಿದ ಪ್ರಶ್ನೆ ಇದು: ಪ್ರತಿ ಲಕ್ಷಣವೂ ಚಿತ್ರದ ಎಷ್ಟು ಬಿಂದುಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ? ಬಿಂದುಗಳು ಎರಡೇ ಇದ್ದಾಗ ಎರಡನ್ನು ನೋಡಿದರೆ ಸಾಕು. ಆದರೆ ಕಪ್ಪು ಬಿಂದುಗಳ ಸಂಖ್ಯೆ ಸಮವೋ ಬೆಸವೋ ಎಂದು ಹೇಳಬೇಕಾದರೆ ಚಿತ್ರದ ಅಷ್ಟೂ ಬಿಂದುಗಳನ್ನು ಒಟ್ಟಿಗೆ ನೋಡುವ ಲಕ್ಷಣವೊಂದಾದರೂ ಬೇಕಾಗುತ್ತದೆ, ಮತ್ತು ಹಾಗೆ ಎಲ್ಲವನ್ನೂ ನೋಡುವ ಲಕ್ಷಣವನ್ನು ಮೊದಲೇ ಕೊಟ್ಟುಬಿಟ್ಟರೆ ಕಲಿಯಲು ಏನೂ ಉಳಿಯುವುದಿಲ್ಲ. ಕಲಿಯದ ಲಕ್ಷಣಗಳ ಮೇಲೆ ನಿಂತ ಕಲಿಕೆಗೆ ಒಂದು ಮೇರೆಯಿದೆ ಎಂಬುದು ಅವರ ಮಾತಿನ ಹುರುಳು. ಈ ಪುಸ್ತಕ ನರಜಾಲವನ್ನು ಕೊಂದಿತು ಎಂದು ಸಿಟ್ಟಿನಿಂದ ಬರೆಯುವವರಿದ್ದಾರೆ. ಗುಣಲಬ್ಧದ ಆ ಒಂದು ಚೌಕವನ್ನು ಒತ್ತಿ ತೆಗೆದು ನೋಡಿದ ಮೇಲೆ ನನಗೆ ಆ ಸಿಟ್ಟಿನಲ್ಲಿ ನ್ಯಾಯ ಕಾಣುವುದಿಲ್ಲ. ಅವರು ಸಾಧಿಸಿದ್ದು ಇಂದಿಗೂ ಪರದೆಯ ಮೇಲೆ ಹಾಗೆಯೇ ನಿಜವಾಗಿದೆ. ರೋಸೆನ್‌ಬ್ಲಾಟ್ 1971ರಲ್ಲಿ, ತಮ್ಮ 43ನೆಯ ಹುಟ್ಟುಹಬ್ಬದ ದಿನವೇ, ದೋಣಿ ಅಪಘಾತದಲ್ಲಿ ತೀರಿಕೊಂಡರು. ನಡುವಿನ ಪದರವೂ ಕಲಿಯುವ ದಿನವನ್ನು ನೋಡಲು ಅವರು ಉಳಿಯಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆ ದಿನ ಪ್ಲೇಗ್ರೌಂಡಿನಲ್ಲಿ ಒಂದು ಗುಂಡಿಯ ಆಚೆಗಿದೆ. ಗುಣಲಬ್ಧದ ಚೌಕವನ್ನು ತೆಗೆದು, ಒಂದು ಒಳಪದರ ಸೇರಿಸಿ, ಅದರಲ್ಲಿ ಎರಡು ನ್ಯೂರಾನ್ ಇರಿಸಿದರೆ ಎಕ್ಸಾರ್ ಕೆಲವೊಮ್ಮೆ ಬಿಡಿಸಿಕೊಳ್ಳುತ್ತದೆ, ಕೆಲವೊಮ್ಮೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಮತ್ತೆ ಮತ್ತೆ ಹೊಸದಾಗಿ ಆರಂಭಿಸಿದರೆ, ತೂಕಗಳ ಆರಂಭದ ಬೆಲೆಗಳು ಯಾದೃಚ್ಛಿಕವಾದ್ದರಿಂದ, ಫಲಿತಾಂಶವೂ ಬದಲಾಗುತ್ತದೆ. ನಾಲ್ಕು ನ್ಯೂರಾನ್ ಕೊಟ್ಟರೆ ಸಿಕ್ಕಿಕೊಳ್ಳುವುದು ಅಪರೂಪ. ಇದನ್ನು ಸಾಧ್ಯವಾಗಿಸಿದ್ದು ದೋಷವನ್ನು ಉತ್ತರದ ಕಡೆಯಿಂದ ಹಿಂದಕ್ಕೆ ಹಂಚುತ್ತಾ ಬರುವ ಬ್ಯಾಕ್‌ಪ್ರೊಪಗೇಶನ್. ಈ ಬಗೆಯ ಅವಕಲನವನ್ನು ಫಿನ್ಲೆಂಡಿನ ಸೆಪ್ಪೋ ಲಿನ್ನೈನ್‌ಮಾ 1970ರಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ವಿವರಿಸಿದ್ದರು. ಪಾಲ್ ವರ್ಬೋಸ್ 1974ರಲ್ಲಿ ಹಾರ್ವರ್ಡಿನ ಪಿಎಚ್‌ಡಿ ಪ್ರಬಂಧದಲ್ಲಿ ಬರೆದಿದ್ದರು. ಆದರೆ ಲೋಕ ಕಿವಿಗೊಟ್ಟಿದ್ದು 1986ರಲ್ಲಿ ಡೇವಿಡ್ ರುಮೆಲ್‌ಹಾರ್ಟ್, ಜೆಫ್ರಿ ಹಿಂಟನ್ ಮತ್ತು ರೊನಾಲ್ಡ್ ವಿಲಿಯಮ್ಸ್ ‘ನೇಚರ್’ ಪತ್ರಿಕೆಯಲ್ಲಿ ಕೆಲವೇ ಪುಟಗಳ ಲೇಖನ ಪ್ರಕಟಿಸಿದಾಗ. ಆ ಲೇಖನ ತೂಕ ತಿದ್ದುವ ವಿಧಾನವನ್ನಷ್ಟೇ ಹೇಳಿ ನಿಲ್ಲಲಿಲ್ಲ. ಎರಡು ಕುಟುಂಬಗಳ 24 ಮಂದಿಯ ನಂಟಸ್ತಿಕೆಯನ್ನು ಕಲಿತ ಜಾಲದ ಒಳ ನ್ಯೂರಾನ್‌ಗಳು, ಯಾರೂ ಹೇಳಿಕೊಡದೆ ಹೋದರೂ, ಯಾವ ಕುಟುಂಬದವರು, ಯಾವ ತಲೆಮಾರಿನವರು ಎಂಬ ಭೇದಗಳನ್ನು ತಾವಾಗಿ ಕಂಡುಕೊಂಡಿದ್ದವು ಎಂಬುದನ್ನು ಅದು ತೋರಿಸಿತು. ಲಕ್ಷಣಗಳನ್ನು ಮನುಷ್ಯ ಕೊಡಬೇಕಾಗಿಲ್ಲ, ಜಾಲವೇ ಕಟ್ಟಿಕೊಳ್ಳಬಲ್ಲದು ಎಂಬುದು ಅಲ್ಲಿನ ಹೊಸ ಮಾತು.

ಈ ಮಾತನ್ನು ಪ್ಲೇಗ್ರೌಂಡ್ ಅತ್ಯಂತ ಚೆನ್ನಾಗಿ ತೋರಿಸುತ್ತದೆ. ವೃತ್ತದ ದತ್ತಾಂಶ ತೆಗೆದುಕೊಳ್ಳಿ: ನಡುವೆ ನೀಲಿ ಚುಕ್ಕೆಗಳ ಗುಂಪು, ಸುತ್ತಲೂ ಕಿತ್ತಳೆಯ ಬಳೆ. ಒಳಪದರದಲ್ಲಿ ಎರಡು ನ್ಯೂರಾನ್ ಇಟ್ಟರೆ ನೀಲಿಯ ಒಂದು ಪಟ್ಟಿ ಮೂಡುತ್ತದೆ, ಅದರ ಬಾಯಿ ಮುಚ್ಚಿಕೊಳ್ಳುವುದಿಲ್ಲ. ಮೂರು ಇಟ್ಟರೆ ತ್ರಿಕೋನ ಮುಚ್ಚಿಕೊಳ್ಳುತ್ತದೆ. ಆಗ ಒಂದೊಂದು ನ್ಯೂರಾನಿನ ಮೇಲೂ ಮೌಸ್ ಇರಿಸಿದರೆ ಅದು ತನ್ನಷ್ಟಕ್ಕೆ ಕಾಣುತ್ತಿರುವ ಚಿತ್ರ ಬಲಗಡೆಯ ದೊಡ್ಡ ಚೌಕದಲ್ಲಿ ಮೂಡುತ್ತದೆ; ಮೂವರೂ ಒಂದೊಂದು ಓರೆ ಗೆರೆಯನ್ನು ಹಿಡಿದುಕೊಂಡು ನಿಂತಿದ್ದಾರೆ, ಮೂರೂ ಸೇರಿ ನಡುವಿನ ಗುಂಪನ್ನು ಬೇಲಿಯಂತೆ ಸುತ್ತುವರಿದಿವೆ. ಹಂಚಿಕೊಂಡು ಕೆಲಸ ಮಾಡಿ ಎಂದು ಅವುಗಳಿಗೆ ಯಾರೂ ಹೇಳಿರಲಿಲ್ಲ. ನ್ಯೂರಾನ್‌ಗಳ ಸ್ಪಂದನವನ್ನು, ಅಂದರೆ ತಮಗೆ ಬಂದ ಮೊತ್ತವನ್ನು ಅವು ಉತ್ತರವಾಗಿಸುವ ಸೂತ್ರವನ್ನು, ‘ರೇಖೀಯ’ಕ್ಕೆ ಬದಲಿಸಿ ಆರು ಪದರ ಸೇರಿಸಿದರೂ ಮತ್ತೆ ಒಂದೇ ನೇರ ಗೆರೆಗೆ ಬಂದು ನಿಲ್ಲುತ್ತದೆ ಎಂಬುದನ್ನೂ ತೋರಿಸಿಬಿಟ್ಟರೆ, ಬಾಗುವ ಸ್ಪಂದನ ಏಕೆ ಬೇಕು ಎಂದು ಕಪ್ಪುಹಲಗೆಯ ಮೇಲೆ ಸಾಧಿಸುವ ಹೊತ್ತಿಗೆ ವಿದ್ಯಾರ್ಥಿಗಳಿಗೆ ಉತ್ತರ ಮೊದಲೇ ಗೊತ್ತಿರುತ್ತದೆ.

ನನ್ನ ಮೊದಲ ಆಕ್ಷೇಪವೂ ಇಲ್ಲಿಯೇ ಇದೆ. ಮುಂದಕ್ಕೆ ಹರಿಯುವುದೆಲ್ಲ ಕಾಣುತ್ತದೆ, ಹಿಂದಕ್ಕೆ ಬರುವ ದೋಷ ಕಾಣುವುದಿಲ್ಲ. ಯಾವ ಗೆರೆಗೆ ಈ ಹೆಜ್ಜೆಯಲ್ಲಿ ಎಷ್ಟು ತಿದ್ದುಪಡಿ ಬಂತು ಎಂಬುದನ್ನು ತಾಣ ತೋರಿಸುವುದಿಲ್ಲ. ತಿದ್ದಿದ ಮೇಲಿನ ದಪ್ಪವನ್ನು ಮಾತ್ರ ತೋರಿಸುತ್ತದೆ. 1986ರ ಹೃದಯವೇ ಆ ಹಿಂದಿರುಗುವ ಹರಿವು. ಅದೇ ಲೇಖನದಲ್ಲಿದ್ದ, ಹಿಂದಿನ ತಿದ್ದುಪಡಿಯ ವೇಗವನ್ನು ಸ್ವಲ್ಪ ಉಳಿಸಿಕೊಂಡು ಮುಂದೆ ಸಾಗುವ ಉಪಾಯವೂ ಇಲ್ಲಿ ಇಲ್ಲ. ಕಲಿಕೆಯ ದರವನ್ನು 0.00001ರಿಂದ 10ರವರೆಗೆ ಬದಲಿಸಬಹುದು, ಅಷ್ಟೆ. ದರವನ್ನು 10ಕ್ಕೆ ಏರಿಸಿದಾಗ ಜಾಲ ದಿಕ್ಕೆಟ್ಟು ಕುಪ್ಪಳಿಸುವುದನ್ನು ಮಾತ್ರ ಎಲ್ಲರೂ ಒಮ್ಮೆ ನೋಡಲೇಬೇಕು.

ಚರಿತ್ರೆಯ ಮುಂದಿನ ಗಂಟು ನನಗೆ ಬಹಳ ಇಷ್ಟವಾದದ್ದು. ಒಂದು ಪದರ ಒಳ್ಳೆಯದಾದರೆ ಆರು ಪದರ ಇನ್ನೂ ಒಳ್ಳೆಯದಲ್ಲವೇ? ಸ್ಪಂದನವನ್ನು 1980ರ ದಶಕದಲ್ಲಿ ವ್ಯಾಪಕವಾಗಿದ್ದ, ಎಸ್ ಆಕಾರದಲ್ಲಿ ಬಾಗುವ ಸಿಗ್ಮಾಯ್ಡ್‌ಗೆ ಬದಲಿಸಿ, ಈ ತಾಣದಲ್ಲಿ ಸಾಧ್ಯವಿರುವ ಗರಿಷ್ಠ ಆರು ಪದರಗಳನ್ನು ಸೇರಿಸಿ, ಮತ್ತೆ ಅದೇ ವೃತ್ತದ ದತ್ತಾಂಶವನ್ನು ಕೊಡಿ. ಮೂರು ನ್ಯೂರಾನ್ ಬಿಡಿಸಿದ ಸಮಸ್ಯೆಯನ್ನು ಈ ದೊಡ್ಡ ಜಾಲ ಬಿಡಿಸಲಾರದು. ಸುತ್ತುಗಳ ಎಣಿಕೆ ಸಾವಿರ ದಾಟಿದರೂ ದೋಷ ಕದಲುವುದಿಲ್ಲ. ಸಿಗ್ಮಾಯ್ಡಿನ ಇಳಿಜಾರು ಅತಿ ಹೆಚ್ಚೆಂದರೆ 0.25; ಹಿಂದಕ್ಕೆ ಬರುವ ದೋಷ ಪ್ರತಿ ಪದರದಲ್ಲೂ ಅಂಥ ಒಂದು ಸಂಖ್ಯೆಯಿಂದ ಗುಣಿಸಿಕೊಳ್ಳುತ್ತದೆ; ಆರು ಬಾರಿ ಹಾಗೆ ಗುಣಿಸಿದರೆ ಈ ಅಂಶವೊಂದೇ ದೋಷವನ್ನು 4096ನೆಯ ಒಂದು ಭಾಗಕ್ಕೆ ಇಳಿಸಿಬಿಡುತ್ತದೆ. ಮೊದಲ ಪದರಕ್ಕೆ ಸುದ್ದಿಯೇ ತಲುಪುವುದಿಲ್ಲ. ಜರ್ಮನಿಯ ಸೆಪ್ ಹೊಕ್ರೈಟರ್ 1991ರಲ್ಲಿ ವಿದ್ಯಾರ್ಥಿಯಾಗಿದ್ದಾಗ ತಮ್ಮ ಪ್ರಬಂಧದಲ್ಲಿ ಈ ಕಾಯಿಲೆಯನ್ನು ಸರಿಯಾಗಿ ಗುರುತಿಸಿದರು. ಅದರ ಪರಿಹಾರವಾಗಿ ಅವರು ಯುರ್ಗೆನ್ ಶ್ಮಿಡ್‌ಹ್ಯೂಬರ್ ಜೊತೆ 1997ರಲ್ಲಿ, ಹಿಂದಿನದನ್ನು ದೀರ್ಘಕಾಲ ನೆನಪಿಟ್ಟುಕೊಳ್ಳುವ ಎಲ್‌ಎಸ್‌ಟಿಎಂ ಜಾಲವನ್ನು ಪ್ರಕಟಿಸಿದರು. ಈಗ ಪರದೆಯ ಮೇಲೆ ಬೇರೇನನ್ನೂ ಮುಟ್ಟದೆ ಸಿಗ್ಮಾಯ್ಡ್ ಜಾಗದಲ್ಲಿ ರೆಲು ಆರಿಸಿದರೆ ಸಾಮಾನ್ಯವಾಗಿ ಬೇಗನೆ ವೃತ್ತ ಬಿಡಿಸಿಕೊಳ್ಳುತ್ತದೆ, ಗಡಿ ಮಾತ್ರ ವಜ್ರದ ಅಂಚಿನಂತೆ ಮೂಲೆಮೂಲೆಯಾಗಿ ಮೂಡುತ್ತದೆ. ಸೊನ್ನೆಗಿಂತ ಕಡಿಮೆಯಾದುದನ್ನು ಸೊನ್ನೆಯಾಗಿಸಿ ಉಳಿದುದನ್ನು ಹಾಗೆಯೇ ಬಿಡುವ ಇಷ್ಟು ಸರಳ ಸೂತ್ರ ಆಳದ ಜಾಲಗಳಲ್ಲಿ ನೆಲೆಗೊಳ್ಳಲು 2010ರ ಆಸುಪಾಸಿನವರೆಗೆ ಕಾಯಬೇಕಾಯಿತು. 2012ರಲ್ಲಿ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್‌ಸ್ಕೇವರ್ ಮತ್ತು ಹಿಂಟನ್ ಅವರ ಅಲೆಕ್ಸ್‌ನೆಟ್ ಚಿತ್ರ ಗುರುತಿಸುವ ಇಮೇಜ್‌ನೆಟ್ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನದವರ ಶೇ. 26.2ರ ತಪ್ಪಿಗೆ ಎದುರಾಗಿ ಶೇ. 15.3 ತಪ್ಪಿನೊಂದಿಗೆ ಗೆದ್ದಾಗ, ಅದರೊಳಗಿದ್ದದ್ದೂ ಇದೇ ರೆಲು.

ಆದರೆ ಈ ಪ್ರಯೋಗದಿಂದ ಸಿಗ್ಮಾಯ್ಡೇ ಕೆಟ್ಟದ್ದು, ರೆಲುವೇ ಪವಾಡ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಅದು ಪೂರ್ಣ ಸತ್ಯವಲ್ಲ. ಪ್ಲೇಗ್ರೌಂಡಿನಲ್ಲಿ ಆರಂಭದ ತೂಕಗಳೆಲ್ಲ, ಜಾಲದ ಆಕಾರ ಯಾವುದೇ ಇರಲಿ, -0.5 ಮತ್ತು 0.5ರ ನಡುವಿನ ಯಾದೃಚ್ಛಿಕ ಸಂಖ್ಯೆಗಳು. ಆರಂಭದ ತೂಕಗಳನ್ನು ಪದರದ ಗಾತ್ರಕ್ಕೆ ತಕ್ಕಂತೆ ಹೊಂದಿಸಬೇಕು ಎಂದು ಕ್ಸೇವಿಯರ್ ಗ್ಲೋರೋ ಮತ್ತು ಯೋಶುವಾ ಬೆಂಜಿಯೊ 2010ರಲ್ಲಿ ತೋರಿಸಿಕೊಟ್ಟದ್ದು ಆಳದ ಕಲಿಕೆಯ ಯಶಸ್ಸಿಗೆ ರೆಲುವಿನಷ್ಟೇ ಮುಖ್ಯವಾದ ಹೆಜ್ಜೆ. ಅದನ್ನು ಪ್ರಯೋಗಿಸಿ ನೋಡುವ ಅವಕಾಶ ಇಲ್ಲಿ ಇಲ್ಲ. ಒಂದೇ ಒಂದು ಆಯ್ಕೆಯ ಪಟ್ಟಿ ಹೆಚ್ಚಿಗೆ ಇದ್ದಿದ್ದರೆ ಈ ತಾಣದ ಚರಿತ್ರೆ ಇನ್ನಷ್ಟು ನ್ಯಾಯವಾಗಿರುತ್ತಿತ್ತು.

ನಾಲ್ಕನೆಯ ದತ್ತಾಂಶವಾದ ಸುರುಳಿಯ ಮುಂದೆ ನನ್ನ ವಿದ್ಯಾರ್ಥಿಗಳು ಗಂಟೆಗಟ್ಟಲೆ ಕೂರುತ್ತಾರೆ. ಒಂದರೊಳಗೊಂದು ಸುತ್ತಿಕೊಂಡ ಎರಡು ಬಣ್ಣದ ಸುರುಳಿಗಳನ್ನು ಬಿಡಿಸುವುದು ಈ ತಾಣದ ಆಟವೇನೂ ಅಲ್ಲ, ಸಂಶೋಧಕರ ಹಳೆಯ ಒರೆಗಲ್ಲು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೆವಿನ್ ಲ್ಯಾಂಗ್ ಮತ್ತು ಮೈಕೆಲ್ ವಿಟ್‌ಬ್ರಾಕ್ 1988ರಲ್ಲಿ 194 ಬಿಂದುಗಳ ಇಂಥದೇ ಸುರುಳಿಯನ್ನು ತಲಾ ಐದು ನ್ಯೂರಾನ್‌ಗಳ ಮೂರು ಒಳಪದರಗಳಿಂದ ಬಿಡಿಸಿದರು. ಅವರ ಜಾಲದಲ್ಲಿ ಪ್ರತಿ ಪದರವೂ ತನ್ನ ಹಿಂದಿನ ಒಂದೇ ಪದರದ ಮಾತನ್ನು ಕೇಳುತ್ತಿರಲಿಲ್ಲ, ಅದಕ್ಕೂ ಹಿಂದಿನ ಎಲ್ಲ ಪದರಗಳಿಂದ ನೇರವಾದ ಒಳದಾರಿಗಳಿದ್ದವು. 2015ರಲ್ಲಿ ಮೈಕ್ರೋಸಾಫ್ಟ್ ಸಂಶೋಧನಾಲಯದ ಕೈಮಿಂಗ್ ಹೆ ಮತ್ತು ಸಂಗಡಿಗರು 152 ಪದರಗಳ ಜಾಲದಿಂದ ಇಮೇಜ್‌ನೆಟ್ ಗೆದ್ದಾಗ ಅವರ ಕೈ ಹಿಡಿದದ್ದೂ ಪದರ ಹಾರಿ ಹೋಗುವ ಇಂಥ ಒಳದಾರಿಗಳೇ ಎಂಬುದನ್ನು ನೆನೆದರೆ, 1988ರ ಆ ಸಣ್ಣ ಜಾಲದ ಬಗ್ಗೆ ಗೌರವ ಮೂಡುತ್ತದೆ. ಪ್ಲೇಗ್ರೌಂಡಿನಲ್ಲಿ ಒಳದಾರಿ ಹಾಕಲು ಬರುವುದಿಲ್ಲ. ಸೈನ್ ಚೌಕಗಳನ್ನೂ ಒಳಗೊಂಡಂತೆ ಏಳೂ ಲಕ್ಷಣಗಳನ್ನು ಹೊತ್ತಿಸಿ ದೊಡ್ಡ ಪದರವೊಂದನ್ನು ಕೊಟ್ಟರೆ ಸುರುಳಿ ಬೇಗ ಬಿಡಿಸಿಕೊಳ್ಳುತ್ತದೆ. ಮೊದಲೆರಡನ್ನು ಮಾತ್ರ ಉಳಿಸಿಕೊಂಡು ಬಿಡಿಸಬೇಕೆಂದರೆ ಎಂಟೆಂಟು ನ್ಯೂರಾನ್‌ಗಳ ಹಲವು ಪದರಗಳೂ ನೂರಾರು ಸುತ್ತುಗಳ ತಾಳ್ಮೆಯೂ ಬೇಕು. ನಾನು ವಿದ್ಯಾರ್ಥಿಗಳಿಗೆ ಕೊಡುವ ಕೆಲಸ ಎರಡನೆಯದು. ಕೊಟ್ಟ ಲಕ್ಷಣ ಮತ್ತು ಕಟ್ಟಿಕೊಂಡ ಲಕ್ಷಣ ಇವೆರಡರ ಬೆಲೆಯ ವ್ಯತ್ಯಾಸ ಅಲ್ಲಿ ಮೈಗೆ ಹತ್ತುತ್ತದೆ.

ಈ ತಾಣದಲ್ಲಿ ಇಲ್ಲದ ಚರಿತ್ರೆಯೂ ದೊಡ್ಡದು. ಜಾನ್ ಹಾಪ್‌ಫೀಲ್ಡ್ 1982ರಲ್ಲಿ ವಿವರಿಸಿದ, 2024ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಅವರಿಗೆ ಹಿಂಟನ್ ಜೊತೆ ತಂದುಕೊಟ್ಟ ನೆನಪಿನ ಜಾಲ ಇಲ್ಲಿಲ್ಲ. ಕುನಿಹಿಕೊ ಫುಕುಶಿಮಾ ಅವರ 1980ರ ನಿಯೋಕಾಗ್ನಿಟ್ರಾನ್, ಅದರ ದಾರಿಯಲ್ಲಿ ಮುಂದುವರಿದು ಅಂಚೆಯ ಪಿನ್‌ಕೋಡ್ ಅಂಕಿಗಳನ್ನು ಓದಿದ ಯಾನ್ ಲೆಕುನ್ ಅವರ 1989ರ ಜಾಲ, ಪದಗಳ ನಡುವಿನ ಸಂಬಂಧ ಹುಡುಕುವ 2017ರ ಟ್ರಾನ್ಸ್‌ಫಾರ್ಮರ್, ಇವಾವುವೂ ಎರಡು ನಿರ್ದೇಶಾಂಕಗಳ ಈ ಅಂಗಳದಲ್ಲಿ ಹಿಡಿಸುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಗಾತ್ರದ್ದು. ಇಲ್ಲಿ ವರ್ಗೀಕರಣಕ್ಕೆ ಇರುವುದು 500 ಚುಕ್ಕೆಗಳು. ಅಲೆಕ್ಸ್‌ನೆಟ್ ಕಲಿತದ್ದು ಸುಮಾರು 12 ಲಕ್ಷ ಚಿತ್ರಗಳಿಂದ, 6 ಕೋಟಿ ತೂಕಗಳನ್ನು ಎರಡು ಜಿಟಿಎಕ್ಸ್ 580 ಗ್ರಾಫಿಕ್ಸ್ ಕಾರ್ಡುಗಳ ಮೇಲೆ ಐದಾರು ದಿನ ತಿದ್ದುತ್ತಾ. 1986ರ ಉಪಾಯ 2012ರಲ್ಲಿ ಲೋಕ ಗೆಲ್ಲಲು ದತ್ತಾಂಶ ಮತ್ತು ಗಣಕಶಕ್ತಿ ಎಷ್ಟು ದೊಡ್ಡ ಕಾರಣವಾದವು ಎಂಬುದನ್ನು ಪ್ಲೇಗ್ರೌಂಡ್ ಹೇಳಲಾರದು. ಆ ಪಾಠಕ್ಕೆ ನಾನು ಬೇರೆ ಕಡೆ ಹೋಗುತ್ತೇನೆ: ವಿನಯ್ ಉದಯ ಪ್ರಭು ಅವರು 2019ರಲ್ಲಿ ಪ್ರಕಟಿಸಿದ, ಬೆಂಗಳೂರಿನ ಸ್ವಯಂಸೇವಕರು ಕೈಯಿಂದ ಬರೆದುಕೊಟ್ಟ ಕನ್ನಡ ಅಂಕಿಗಳ ‘ಕನ್ನಡ ಎಂನಿಸ್ಟ್’ ಸಂಗ್ರಹಕ್ಕೆ. ಕಲಿಕೆಗೆ 60,000, ಪರೀಕ್ಷೆಗೆ 10,000 ಚಿತ್ರಗಳು, ಪ್ರತಿಯೊಂದರಲ್ಲೂ 784 ಬಿಂದುಗಳು. ಪ್ಲೇಗ್ರೌಂಡಿನ ಎರಡು ಒಳಹರಿವುಗಳಿಂದ 784ಕ್ಕೆ ಏರಿದಾಗ, ಲಕ್ಷಣಗಳನ್ನು ಕೈಯಿಂದ ಬರೆದುಕೊಡುವ ಆಸೆಯನ್ನು ವಿದ್ಯಾರ್ಥಿಗಳು ತಾವಾಗಿ ಕೈಬಿಡುತ್ತಾರೆ.

ಸಣ್ಣ ಪ್ರಮಾಣದಲ್ಲಾದರೂ ಒಂದು ಎಚ್ಚರಿಕೆಯನ್ನು ತಾಣ ಚೆನ್ನಾಗಿ ಕೊಡುತ್ತದೆ. ಚುಕ್ಕೆಗಳನ್ನು ಚದುರಿಸುವ ಗದ್ದಲದ ಅಳತೆಯನ್ನು 50ಕ್ಕೆ ಏರಿಸಿ, ಕಲಿಕೆಗೆ ಶೇ. 10ರಷ್ಟು ಚುಕ್ಕೆಗಳನ್ನು ಮಾತ್ರ ಕೊಟ್ಟು ದೊಡ್ಡ ಜಾಲ ಓಡಿಸಿದರೆ, ಕಲಿಕೆಯ ದೋಷ ಇಳಿಯುತ್ತಾ ಪರೀಕ್ಷೆಯ ದೋಷ ಏರುತ್ತಾ ಹೋಗುವ ಎರಡು ಗೆರೆಗಳು ಮೇಲೆ ಬಲಮೂಲೆಯಲ್ಲಿ ಕಾಣುತ್ತವೆ. ಪಾಠವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಎಡವುವುದು ಎಂದರೆ ಏನೆಂದು ನಮ್ಮ ವಿದ್ಯಾರ್ಥಿಗಳಿಗೆ ಬೇರೆ ವಿವರಿಸಬೇಕಾಗಿಲ್ಲ.

ಬಳಸುವವರಿಗೆ ಕೆಲವು ಮಾತುಗಳು. ಪುಟ ಅಗಲವಾದ ಪರದೆಗೆ ತಕ್ಕಂತೆ ರೂಪುಗೊಂಡಿದೆ. ಮೌಸ್ ಇರಿಸಿ ನೋಡುವುದೇ ಇದರ ಜೀವವಾದ್ದರಿಂದ ಫೋನಿಗಿಂತ ಗಣಕ ಅಥವಾ ಪ್ರೊಜೆಕ್ಟರ್ ಮೇಲು. ನೀವು ಆರಿಸಿದ ಎಲ್ಲ ಆಯ್ಕೆಗಳೂ ಪುಟದ ವಿಳಾಸದಲ್ಲಿಯೇ ದಾಖಲಾಗುತ್ತವೆ. 1958, 1969, 1986, 1991 ಎಂದು ನಾಲ್ಕು ವಿಳಾಸಗಳನ್ನು ಮೊದಲೇ ಉಳಿಸಿಟ್ಟುಕೊಂಡರೆ ತರಗತಿಯಲ್ಲಿ ಸಮಯ ಉಳಿಯುತ್ತದೆ. ಗೆರೆಗಳ ತೂಕವನ್ನು ಕೈಯಿಂದ ಬದಲಿಸಬಹುದು ಎಂಬುದು ಅನೇಕರಿಗೆ ಗೊತ್ತಿಲ್ಲ. ಗೆರೆಯ ಮೇಲೆ ಒತ್ತಿ ಹೊಸ ಸಂಖ್ಯೆ ಬರೆದರೆ ಸಾಕು. ರೋಸೆನ್‌ಬ್ಲಾಟ್ ಯಂತ್ರದ ಮೋಟಾರಿನ ಕೆಲಸವನ್ನು ವಿದ್ಯಾರ್ಥಿಗಳಿಂದ ಒಮ್ಮೆ ಹೀಗೆ ಕೈಯಾರೆ ಮಾಡಿಸುತ್ತೇನೆ. ಕಿತ್ತಳೆ ಮತ್ತು ನೀಲಿಯ ಜೋಡಿ ಕೆಂಪು ಹಸಿರುಗಳ ಭೇದ ಕಾಣದವರಿಗೂ ತೊಂದರೆ ಕೊಡುವುದಿಲ್ಲ ಎಂಬುದನ್ನು ಮೆಚ್ಚಿಕೊಂಡು ಹೇಳಬೇಕು.

ಬರಹವೆಲ್ಲ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಚಿತ್ರ ತಾನಾಗಿ ಅರ್ಥವಾದರೂ ಗುಂಡಿಯ ಹೆಸರು ಅಡ್ಡ ನಿಲ್ಲುತ್ತದೆ. ಮೂಲ ಸಂಕೇತವನ್ನು ಅಪಾಚೆ ಪರವಾನಗಿಯ ಅಡಿಯಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿರುವುದರಿಂದ ಯಾರು ಬೇಕಾದರೂ ಅದರ ಪ್ರತಿಯನ್ನು ತಿದ್ದಿಕೊಳ್ಳಬಹುದು. ಈ ರಜೆಯಲ್ಲಿ ಇಬ್ಬರು ವಿದ್ಯಾರ್ಥಿಗಳೊಂದಿಗೆ ಆ ಕೆಲಸಕ್ಕೆ ಕೈಹಾಕಿದ್ದೇನೆ. ‘ವೇಟ್’ಗೆ ತೂಕ, ‘ಫೀಚರ್’ಗೆ ಲಕ್ಷಣ, ‘ಹಿಡನ್ ಲೇಯರ್’ಗೆ ಒಳಪದರ ಎಂದು ಬೇಗನೆ ಒಪ್ಪಿಕೊಂಡೆವು, ‘ಬಯಾಸ್’ ಎಂಬುದನ್ನು ಒಬ್ಬ ‘ಒಲವು’ ಎನ್ನುತ್ತಾನೆ, ಇನ್ನೊಬ್ಬಳು ಗೆರೆಯನ್ನು ಮೂಲಬಿಂದುವಿನಿಂದ ಸರಿಸುವುದೇ ಅದರ ಕೆಲಸವಾದ್ದರಿಂದ ‘ಸರಿತ’ ಎನ್ನಬೇಕು ಎಂದು ಹಟ ಹಿಡಿದಿದ್ದಾಳೆ, ಆ ಗುಂಡಿಯ ಮೇಲೆ ಸದ್ಯಕ್ಕೆ ಏನನ್ನೂ ಬರೆದಿಲ್ಲ.